ಅಂತ

ಕುರ್ಚಿ ಎಳೆದುಕೋ ಮುಫೀದ್, ಅಷ್ಟು ದೂರದಿಂದ
ಈ ಗೀರುಗಳು ಕಾಣುವುದಿಲ್ಲ.
ಗುರುವಾರ. ಸೊಹಾರ್ ಬಂದರಿನ ಕಡೆಯ ಬಸ್ಸು
ಫಲಜ್ ಕ್ಯಾಂಪಿಗೆ ಹೋಗಿಯಾಯಿತು; ಎ.ಸಿ. ಮಾತ್ರ
ನಮ್ಮ ಜೊತೆ ಓವರ್‌ಟೈಮ್ ಮಾಡುತ್ತಿದೆ.

ನೀನು ಬರೆದದ್ದು ಸರಿಯೇ ಇದೆ, ಒಂದು ಬಿಟ್ಟು.
ಹಾಜರ್ ಎಂದು ಬರಿದೇ ಬರೆದರೆ ಯಂತ್ರ
ಹಾಳೆಯೆಲ್ಲ ಹುಡುಕುತ್ತದೆ, ಯಾರಿವನು ಹಾಜರ್,
ಯಾವ ಸಾಲು, ಯಾವ ಮನೆ. ಸಿಗದೆ,
ಇಂಥ ಹೆಸರಿನವರಿಲ್ಲ ಎಂದು ಬಾಗಿಲು ಹಾಕುತ್ತದೆ.
ಎರಡೂ ಕಡೆ ಜೋಡಿ ಗೀರು ಹಾಕು: "ಹಾಜರ್".
ಈಗ ಅದು ಯಾರೂ ಅಲ್ಲ. ಬರೀ ಮಾತು.
ಅಕ್ಷರಕ್ಕೆ ಅಕ್ಷರ ಕೂಡಿ ಬಂದರೆ ಸಾಕು.

ಕಲಿತ ದಿನ ಇದು ನನಗೆ ಹೊಸದು ಅನ್ನಿಸಲಿಲ್ಲ.
ನಮ್ಮ ದೊಡ್ಡಮ್ಮ ಓದಿದವಳಲ್ಲ; ಅಂಕೋಲೆ ಪೇಟೆಯಲ್ಲಿ
ಬುಟ್ಟಿ ಇಳಿಸಿ ಸುದ್ದಿ ಹೇಳುವಾಗ
ಯಾರ ಮಾತಿಗೂ ತನ್ನ ಉಪ್ಪು ಹಾಕುತ್ತಿರಲಿಲ್ಲ.
ಕೊಡುದಿಲ್ಲ ಅಂತ. ನಾಳೆ ಬಾ ಅಂತ.
ಸತ್ತರೂ ಆ ಮನೆ ಮೆಟ್ಟಿಲು ಹತ್ತುದಿಲ್ಲ ಅಂತ.
ಅವಳಿಗಿದ್ದದ್ದು ಅದೊಂದೇ ಗೀರು, ಮಾತಿನ ಬಾಲಕ್ಕೆ:
ಇಲ್ಲಿಯವರೆಗೆ ಅವರದು,
ಇನ್ನು ಮುಂದೆ ನನ್ನದು ಅಂತ.

ನಮ್ಮ 'ರೆ'ಯೂ ಬಾಲಕ್ಕೇ ಬರುವಂಥದು,
ಬಂದರೆ, ಬಾರದಿದ್ದರೆ.
ಸೂತ್ರದಲ್ಲಿ ಅದು ಎಲ್ಲರಿಗಿಂತ ಮೊದಲೇ ಗೇಟಿನಲ್ಲಿ ನಿಂತು
ಪಾಸ್ ಕೇಳುತ್ತದೆ.

ಅಂಕಿಗೆ ಗೀರು ಬೇಡ.
ಇದನ್ನು ಮರೆತರೆ ನಿನಗೆ ಬೈಯಲಾರೆ,
ನಾನು ಮರೆತಾಗ ಬೈಯಬೇಕಾದವನು ಬೈಯಲಿಲ್ಲ.
ಹೋದ ಜೂನು. ಗ್ಯಾಲ್ವನೈಸಿಂಗ್ ಶೆಡ್ಡಿನ ದಿಲ್ಲಿರಾಮ ಖತಿವಾಡ,
ಶುಕ್ರವಾರವೂ ಬಂದು ದುಡಿದವನು.
ಬಂದರೆ "8" ಎಂದು ಬರೆದಿದ್ದೆ ನಾನು. ನೋಡಲಿಕ್ಕೆ ಎಂಟೇ.
ಆದರೆ ಗೀರಿನೊಳಗಿನ ಎಂಟು, ಎಂಟರ ಚಿತ್ರ;
ಕೂಡಿಸುವ ಸೂತ್ರ ಚಿತ್ರಗಳನ್ನು ಹಾರಿಸಿ ಹೋಗುತ್ತದೆ.
ನಾಲ್ಕು ಶುಕ್ರವಾರ. ಮೂವತ್ತೆರಡು ತಾಸು.
ಮೊತ್ತ, ಸೊನ್ನೆ.

ಕಿಟಕಿಗೆ ಬಂದ, ಸ್ಲಿಪ್ಪು ನಾಲ್ಕು ಮಡಿಕೆ ಮಾಡಿ ಹಿಡಿದು.
ಎಂಟು ಕಾಣಿಸ್ತದೆ ಮೇಡಂ, ಕೈಗೆ ಬಂದಿಲ್ಲ ಅಂತ.
ಜಗಳವಿಲ್ಲ. ಸತುವಿನ ಬೂದಿ ಹತ್ತಿದ ಬೆರಳನ್ನು
ಒಂದೊಂದೇ ಎಂಟಿನ ಕೆಳಗೆ ಇಟ್ಟ.
ನಾನು ಏನೆಂದೆ ಗೊತ್ತೇ? ಅಕ್ಷರವೂ ತಿದ್ದದೆ,
ಗೀರಿನೊಳಗೇ ಇಟ್ಟು ಹೇಳುತ್ತೇನೆ:
"ಕಂಪ್ಯೂಟರ್ ತಪ್ಪು ಮಾಡುವುದಿಲ್ಲ."

ರಾತ್ರಿ ಕಣ್ಣಿಗೆ ಬಿತ್ತು.
ಅಂಕಿ ಬಲಕ್ಕೆ ಒರಗುತ್ತದೆ, ಮಾತು ಎಡಕ್ಕೆ.
ಅವನ ಎಂಟುಗಳೆಲ್ಲ ಎಡ ಗೋಡೆಗೆ ಬೆನ್ನು ಕೊಟ್ಟು
ಸಾಲಾಗಿ ಕೂತಿದ್ದವು,
ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿನ ಮೊಳದಗಲ ನೆರಳಿಗೆ
ಅವರೆಲ್ಲ ಕೂರುತ್ತಾರಲ್ಲ, ಹಾಗೆ.
ಗೀರು ಅಳಿಸಿ ಸೂತ್ರವನ್ನು ಕೆಳತನಕ ಎಳೆದೆ.
ಎದ್ದು ಬಲಕ್ಕೆ ಸರಿದವು.
ಮೂವತ್ತೆಂಟು ರಿಯಾಲು, ನಾನೂರು ಬೈಸಾ.

ವಾಟ್ಸಾಪಿನಿಂದ ಸೂತ್ರ ನಕಲು ಮಾಡಬೇಡ. ಅಲ್ಲಿಯ ಗೀರುಗಳು
ಹುಬ್ಬಿನ ಹಾಗೆ ಬಾಗಿರುತ್ತವೆ, ಚಂದ; ಯಂತ್ರ ಒಪ್ಪುವುದಿಲ್ಲ.
ನೆಟ್ಟಗಿನವೇ ಆಗಬೇಕು.

ಇನ್ನೊಂದು ಉಳಿಯಿತು. ಗೀರು, ಗೀರು, ನಡುವೆ ಏನೂ ಇಲ್ಲ: "".
ಸೊನ್ನೆಯಲ್ಲ ಅದು. ಸೊನ್ನೆಗೆ ಲೆಕ್ಕವಿದೆ, ಅವನು ಬರಲಿಲ್ಲ ಅಂತ.
ಇದು, ಯಾರೋ ಬಾಯಿ ತೆರೆದು
ಹಾಗೆಯೇ ಮುಚ್ಚಿದ್ದು.

ದುಡ್ಡು ಕೊಡುವಾಗ ಅವನಿಗೆ ಏನೆಂದಿರಿ ಎಂದು ಕೇಳುತ್ತೀಯಾ.

""

ಎಂಟರ್ ಒತ್ತು ಈಗ. ಬಸ್ಸಿಲ್ಲ,
ನನ್ನ ಕಾರಿನಲ್ಲೇ ಫಲಜ್ ರೌಂಡಬೌಟಿನ ತನಕ ಬಿಡುತ್ತೇನೆ.